ರಾಜಿಗೆ ತಯಾರು

ನಮ್ಮ ಎರಡೂ ಕುಟುಂಬಗಳಲ್ಲಿ ಯಾರಿಗೂ ಲೆಕ್ಕದ ತಲೆ ಇಲ್ಲ. ಹತ್ತನೇ ಕ್ಲಾಸಿನಲ್ಲಿ ನಾನು ಗಣಿತ ಪಾಸಾದದ್ದು ಹೇಗೆಂದು ನನಗೇ ಗೊತ್ತಿಲ್ಲ. ಗಂಡನದು ಮೋಟಾರು ವೈಂಡಿಂಗ್ ಮಾಡುವ ಸಣ್ಣ ಅಂಗಡಿ. ಸುತ್ತಿನ ಲೆಕ್ಕ ತಪ್ಪಿತೆಂದು ತಂತಿ ಬಿಚ್ಚಿ ಮೊದಲಿನಿಂದ ಸುತ್ತುವುದನ್ನು ಎಷ್ಟೋ ಸಲ ನೋಡಿದ್ದೇನೆ. ಅಂಥವರ ಹೊಟ್ಟೆಯಲ್ಲಿ ಹುಟ್ಟಿದ ಮಗಳಿಗೆ ಗಣಿತವೆಂದರೆ ಪ್ರಾಣ. ಏಳನೇ ಕ್ಲಾಸಿನಲ್ಲಿದ್ದಾಗ ಊಟಕ್ಕೆ ಕರೆದರೆ, "ಇದೊಂದು ಬಿಡಿಸಿ ಬರ್ತೇನಮ್ಮ" ಎನ್ನುತ್ತಿದ್ದಳು. ಉತ್ತರ ಸಿಕ್ಕಿದ ಮೇಲೆ ಒಬ್ಬಳೇ ನಗುತ್ತಿದ್ದಳು. ಮುಂದೆ ಲೆಕ್ಕದ ಟೀಚರ್ ಆಗುವುದೆಂದು ಅವಳೇ ನಿರ್ಧಾರ ಮಾಡಿಯಾಗಿತ್ತು. ನನಗೂ ಒಳಗೊಳಗೇ ಜಂಭ, ಯಾಕೆ ಸುಳ್ಳು ಹೇಳಲಿ.

ಪೆರ್ಲದಿಂದ ಒಳಗೆ ಬಸ್ಸು ಹೋಗುವ, ಮಲಯಾಳದ ಸರ್ಕಾರಕ್ಕೆ ಸೇರಿದ ಗಡಿಯ ಊರು ನಮ್ಮದು. ಮನೆಯಲ್ಲಿ ತುಳು, ಪೇಟೆಯಲ್ಲಿ ಕನ್ನಡ, ಆಫೀಸಿಗೆ ಹೋದರೆ ಮಲಯಾಳ. ಶಾಲೆಯಲ್ಲಿ ಕನ್ನಡದ ಡಿವಿಷನ್ ಒಂದು, ಮಲಯಾಳದ ಡಿವಿಷನ್ ಒಂದು. ಮಗಳು ಎಂಟನೇ ಕ್ಲಾಸಿಗೆ ಬಂದ ವರ್ಷ ಕನ್ನಡದಲ್ಲಿ ಗಣಿತ ಹೇಳಿಕೊಡುತ್ತಿದ್ದ ಮಾಸ್ಟ್ರು ನಿವೃತ್ತರಾದರು. ಅವರ ಜಾಗಕ್ಕೆ ಸರ್ಕಾರ ಕಳಿಸಿದ್ದು ದೂರದ ತೆಂಕಣ ಜಿಲ್ಲೆಯ ಒಬ್ಬ ಟೀಚರನ್ನು. ಕನ್ನಡದ ಒಂದಕ್ಷರವೂ ಬಾರದವಳನ್ನು ಕನ್ನಡ ಡಿವಿಷನ್ನಿಗೆ! ಕೇಳಿದರೆ, ನೇಮಕಾತಿ ಹಾಗೆಯೇ ಬಂದದ್ದು ಎಂದರು. ಯಾರ ಮಂಡೆಗೆ ಹೊಳೆದ ಬುದ್ಧಿಯೋ ಅದು.

ಮೊದಲ ವಾರವೇ ಮಗಳು ಬಂದು, "ಅಮ್ಮ, ಪರಪ್ಪದ ಅಳತೆ ಯಾಕೆ ತೆಗೀಬೇಕು?" ಎಂದು ಕೇಳಿದಳು. ನಮ್ಮ ಜಿಲ್ಲೆಯಲ್ಲೇ ಪರಪ್ಪ ಎಂಬ ಊರೊಂದುಂಟು. ಅದರ ಅಳತೆ ಇವಳಿಗೆ ಯಾಕೆಂದು ನನಗೂ ತಲೆಬಿಸಿಯಾಯಿತು. ಆಮೇಲೆ ಗೊತ್ತಾದದ್ದು, ಟೀಚರ್ ಹೇಳಿದ್ದು "ಪರಪ್ಪಳವ್" ಎಂದು, ಅಂದರೆ ನಮ್ಮ ವಿಸ್ತೀರ್ಣ. ಅವತ್ತು ಮೂರೂ ಜನ ಹೊಟ್ಟೆ ಹಿಡಿದು ನಕ್ಕೆವು. ಓಣಂ ಪರೀಕ್ಷೆಯ ಮಾರ್ಕು ಬಂದ ದಿನ ಯಾರೂ ನಗಲಿಲ್ಲ.

ಆ ಟೀಚರನ್ನು ಬೈಯುವ ಹಾಗೂ ಇಲ್ಲ. ಒಮ್ಮೆ ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕುಳಿತಿದ್ದಳು, ನನ್ನ ತಂಗಿಯ ವಯಸ್ಸು. "ಚೇಚಿ, ಮಕ್ಕಳು ನನ್ನ ಮುಖವನ್ನೇ ನೋಡ್ತಾ ಕೂತಿರ್ತಾರೆ, ನನಗೆ ಅಳು ಬರ್ತದೆ" ಎಂದು ಮಲಯಾಳದಲ್ಲಿ ಹೇಳಿದಳು. ಅಷ್ಟು ಮಲಯಾಳ ನನಗೂ ಅರ್ಥವಾಗುತ್ತದೆ. ಜಗಳ ಮಾಡಬೇಕೆಂದು ಬಾಯಿಗೆ ಬಂದದ್ದನ್ನೆಲ್ಲ ನುಂಗಿಕೊಂಡು, ಚೀಲದಲ್ಲಿದ್ದ ಕಿತ್ತಳೆಯೊಂದನ್ನು ಅವಳ ಕೈಗೆ ಕೊಟ್ಟು ಇಳಿದೆ.

ಮಗಳು ಒಂಬತ್ತಕ್ಕೆ ಬಂದಾಗ ಗಂಡ ಒಂದು ಸಂಜೆ, "ನಾನು ಈ ಸಲ ಪಿಟಿಎಗೆ ನಿಲ್ತೇನೆ" ಎಂದರು. ಪಿಟಿಎ ಎಂದರೆ ಶಾಲೆಯ ಅಪ್ಪ ಅಮ್ಮಂದಿರ, ಟೀಚರುಗಳ ಸಂಘ. ಚಹಾಕ್ಕೆ ಹಾಕುತ್ತಿದ್ದ ಸಕ್ಕರೆ ನೆಲಕ್ಕೆ ಬಿತ್ತು.

"ನೀವಾ? ಅಲ್ಲ ಮಾರಾಯ್ರೇ, ಗಿರಾಕಿಯ ಹತ್ತಿರ ದುಡ್ಡು ಕೇಳ್ಲಿಕ್ಕೆ ನಾಚಿಕೆ ನಿಮಗೆ. ಅಲ್ಲಿ ನಿಂತು ಎಂತ ಮಾತಾಡ್ತೀರಿ?"

"ಭಾಷಣ ಮಾಡ್ಲಿಕ್ಕೆ ಅಲ್ಲ ಮಾರಾಯ್ತಿ. ಪ್ರೆಸಿಡೆಂಟ್ ಆದ್ರೆ ಕನ್ನಡದ ಟೀಚರ್ ಬೇಕು ಅಂತ ಮೇಲಿನ ಆಫೀಸಿಗೆ ನಿರ್ಣಯ ಕಳಿಸ್ಬಹುದು. ಅದು ಬರುವವರೆಗೆ ಪಿಟಿಎಯಿಂದಲೇ ಒಬ್ಬನನ್ನು ಇಟ್ಟು ಸಂಜೆ ಕ್ಲಾಸ್ ಮಾಡಿಸ್ಬಹುದು. ಪುತ್ತೂರಿನಲ್ಲಿ ಓದಿದ ಒಬ್ಬ ಹುಡುಗ ಉಂಟು, ಕೇಳಿ ಆಗಿದೆ."

ಕೇಳಿಯೂ ಆಗಿತ್ತು! ನನ್ನ ಗಂಡನಿಗೆ ಇಷ್ಟು ಮುಂದಾಲೋಚನೆ ಉಂಟೆಂದು ಮದುವೆಯಾಗಿ ಇಷ್ಟು ವರ್ಷಕ್ಕೆ ಅವತ್ತು ಗೊತ್ತಾಯಿತು. ನನಗೆ ಅವರ ಮೇಲೆ ಪ್ರೀತಿ ಉಕ್ಕಿತು, ಹೇಳಲಿಲ್ಲ ಅಷ್ಟೆ.

ಹಳೆಯ ಪ್ರೆಸಿಡೆಂಟರು ಕಂಟ್ರಾಕ್ಟರು. ಎಷ್ಟೋ ವರ್ಷದಿಂದ ಅವರೇ. ಮಲಯಾಳ ಮನೆಮಾತು, ಆದರೆ ಕಲ್ಲು, ಹೊಯ್ಗೆ, ಲಾರಿ ಎಂದು ಗಡಿಯ ಆಚೀಚೆ ಓಡಾಡುವ ಜನ. ನಾವು ಗಣಿತದ ವಿಷಯ ಎತ್ತಿದಾಗಲೆಲ್ಲ "ಶರಿಯಾಗ್ತದೆ, ಶರಿಯಾಗ್ತದೆ" ಎಂದು ನಗುತ್ತಿದ್ದರು. ಆ ನಗುವಿನಲ್ಲೇ ಒಂದು ವರ್ಷ ಕಳೆದಿತ್ತು.

ಜನರಲ್ ಬಾಡಿ ಮೀಟಿಂಗಿನ ದಿನ ನಮ್ಮ ಕಡೆಯ ಅಪ್ಪ ಅಮ್ಮಂದಿರು ಕೆಲಸಕ್ಕೆ ರಜೆ ಹಾಕಿ ಬಂದರು. ಬ್ಯಾರಿ ಮನೆಗಳ ಹೆಂಗಸರು ಜೀಪು ಮಾಡಿಕೊಂಡು ಬಂದರು, ಅವರ ಮಕ್ಕಳೂ ಕನ್ನಡ ಡಿವಿಷನ್ನಿನಲ್ಲೇ. ಗಂಡ ಎಕ್ಸಿಕ್ಯುಟಿವ್ ಕಮಿಟಿಗೆ ಸುಲಭವಾಗಿ ಗೆದ್ದರು. ನಮ್ಮ ಆಚೆಮನೆಯ ಬ್ಯಾರಿ ಹೆಂಗಸೂ ಗೆದ್ದಳು. ಪ್ರೆಸಿಡೆಂಟರನ್ನು ಆರಿಸುವುದು ಗೆದ್ದವರೇ ಸೇರಿ, ಆಗಲೇ, ಹೆಡ್‌ಮಾಸ್ಟರ ಕೋಣೆಯಲ್ಲಿ. ಉಳಿದ ನಾವು ಹೊರಗೆ ಜಗಲಿಯಲ್ಲಿ, ತೆರೆದ ಕಿಟಕಿಗೆ ಕಿವಿ ಕೊಟ್ಟು ನಿಂತೆವು.

ಎರಡು ಹೆಸರು ಬಂತು. ಕೈ ಎತ್ತಿಸಿದರೆ ಎರಡು ಕಡೆಯೂ ಸಮ. ಗುಜುಗುಜು ಶುರುವಾಯಿತು. ಹೆಡ್‌ಮಾಸ್ಟ್ರು ತೆಂಕಣದವರು, ಸಾಧು ಮನುಷ್ಯ. ಮಕ್ಕಳ ಮುಖ ನೋಡಿ ಏನಾದರೂ ದಾರಿ ಮಾಡಿ ಎಂದರು. ಆಗ ಕಂಟ್ರಾಕ್ಟರು ಎದ್ದು, ಶಾಲೆಯ ಕಟ್ಟಡದ ಕೆಲಸ ಅರ್ಧದಲ್ಲಿದೆ, ಈ ಒಂದು ವರ್ಷ ತಾನೇ ಇರುತ್ತೇನೆ, ಇವರು ವೈಸ್ ಪ್ರೆಸಿಡೆಂಟ್ ಆಗಲಿ, ಸಂಜೆ ಕ್ಲಾಸು ಬರುವ ವಾರವೇ ಶುರು ಮಾಡೋಣ, ನಿರ್ಣಯವನ್ನೂ ಕಳಿಸೋಣ ಎಂದರು. ನಮಗೆ ಬೇಕಾದದ್ದು ಅದೇ ಅಲ್ಲವೇ? ಕುರ್ಚಿ ಯಾರಿಗೆ ಬೇಕಿತ್ತು!

ನನ್ನ ಗಂಡ ಎದ್ದು ನಿಂತರು. ಕನ್ನಡದಲ್ಲಿ ಹೇಳಿದ್ದರೆ ಸಾಕಿತ್ತು. ಅರ್ಧ ಕೋಣೆಗೆ ತಿಳಿಯುತ್ತಿತ್ತು, ಉಳಿದರ್ಧಕ್ಕೆ ಯಾರಾದರೂ ಬಿಡಿಸಿ ಹೇಳುತ್ತಿದ್ದರು. ಆದರೆ ಎದುರಿನವರ ಭಾಷೆಯಲ್ಲಿ ಮಾತಾಡುವುದು ಮರ್ಯಾದೆ ಎಂದು ಅವರ ಲೆಕ್ಕ. ಅಂಗಿ ಸರಿ ಮಾಡಿಕೊಂಡು, ದೊಡ್ಡ ಸ್ವರದಲ್ಲಿ ಹೇಳಿದರು: "ಕುಟ್ಟಿಗಳ್ಕ್ ವೇಂಡಿ ಞಾನ್ ರಾಜಿಕ್ಕ್ ತಯ್ಯಾರಾಣ್."

ಮಕ್ಕಳಿಗಾಗಿ ನಾನು ರಾಜಿಗೆ ತಯಾರು. ಕಿಟಕಿಯ ಹೊರಗೆ ನನಗೆ ಎದೆ ತುಂಬಿ ಬಂತು.

ಹೆಡ್‌ಮಾಸ್ಟ್ರು, "ರಾಜಿಯೋ? ಉರಪ್ಪಾಣೋ?" ಎಂದು ಕೇಳಿದರು. ಖಂಡಿತವಾ ಎಂದು ಕೇಳಿದ್ದು. ಗಂಡ ನಗುತ್ತಾ "ಉರಪ್ಪ್, ಉರಪ್ಪ್" ಎಂದರು. ನಮ್ಮವರು ಚಪ್ಪಾಳೆ ತಟ್ಟಿದರು. ಜಗಲಿಯಲ್ಲಿ ನಾವೂ ತಟ್ಟಿದೆವು. ಗಂಡ ಎಲ್ಲರಿಗೂ ಕೈಮುಗಿದರು. ಸಭೆ ಮುಗಿಯಿತು.

ಆಚೆಮನೆಯವಳು ಹೊರಗೆ ಬಂದವಳೇ ನನ್ನ ಕೈ ಹಿಡಿದಳು. ಅವಳ ತವರು ತೆಂಕು ಕಡೆ, ಮಲಯಾಳ ಚೆನ್ನಾಗಿ ಬರುತ್ತದೆ. "ಅಕ್ಕ, ಅಣ್ಣ ಎಂತಕ್ಕೆ ರಾಜಿ ಕೊಟ್ಟದ್ದು? ಇಷ್ಟು ಕಷ್ಟಪಟ್ಟು ಗೆಲ್ಲಿಸಿದ್ದಲ್ವಾ ನಾವು?"

"ಕೊಟ್ಟದ್ದಾ? ರಾಜಿ ಮಾಡಿಕೊಂಡದ್ದಲ್ವಾ?"

ಅವಳು ನನ್ನ ಮುಖ ನೋಡಿದಳು. "ಅಯ್ಯೋ ಅಕ್ಕಾ, ಮಲಯಾಳದಲ್ಲಿ ರಾಜಿ ಅಂದ್ರೆ ರಾಜೀನಾಮೆ. ಅಣ್ಣ ಬೇಸರದಲ್ಲಿ ಕಮಿಟಿಯನ್ನೇ ಬಿಟ್ಟದ್ದು ಅಂತ ನಾನು ಗ್ರಹಿಸಿದೆ. ವೈಸ್ ಪ್ರೆಸಿಡೆಂಟಿಗೆ ಬೇರೆಯವರ ಹೆಸರು ಬರ್ದಾಯ್ತು."

ನನ್ನ ಪಿತ್ತ ನೆತ್ತಿಗೇರಿತು. ಅಲ್ಲ, ನೀವೇ ಹೇಳಿ, ಎರಡು ಭಾಷೆಗಳಲ್ಲಿ ಇದ್ದ ಸಾವಿರ ಮಾತುಗಳಲ್ಲಿ ಇವರ ನಾಲಿಗೆಗೆ ಅದೇ ಸಿಗಬೇಕಿತ್ತೇ? ನಮ್ಮಲ್ಲಿ ಜಗಳ ಬಗೆಹರಿಸುವ ಪದ ಅವರಲ್ಲಿ ಬಿಟ್ಟುಹೋಗುವ ಪದ. ಗಂಡನಿಗೆ ಹೇಳಿದೆ. ಮುಖದ ನಗು ಹಾಗೇ ಇತ್ತು, ಬಣ್ಣ ಹೋಯಿತು. ಓಡಿ ಒಳಗೆ ಹೋದರು. ಹೆಡ್‌ಮಾಸ್ಟ್ರು ಪಾಪ, ನಾನು ಖಂಡಿತವಾ ಎಂದು ಕೇಳಿದೆನಲ್ಲ, ಪಾಸಾದದ್ದನ್ನು ತಿದ್ದಲಿಕ್ಕೆ ನನ್ನಿಂದ ಆಗುವುದಿಲ್ಲ ಎಂದರು. ಕಂಟ್ರಾಕ್ಟರು ಗಂಡನ ಹೆಗಲ ಮೇಲೆ ಕೈ ಹಾಕಿ, "ಸಾರಮಿಲ್ಲ, ಪರವಾಗಿಲ್ಲ, ಬರುವ ವರ್ಷ ನೋಡುವ" ಎಂದರು, ನಗುತ್ತಲೇ.

ಆ ಮನುಷ್ಯನಿಗೆ ಕನ್ನಡದ ರಾಜಿ ಗೊತ್ತಿರಲಿಲ್ಲವೇ? ಗಡಿಯ ಆಚೆ ಪೊಲೀಸರು ಲಾರಿ ಹಿಡಿದಾಗಲೆಲ್ಲ ಎಷ್ಟು ರಾಜಿ ಮಾಡಿದವರು ಅವರು! ಗೊತ್ತಿದ್ದೇ ಸುಮ್ಮನಿದ್ದರು ಎಂದು ನಾನು ಇವತ್ತಿಗೂ ಹೇಳುತ್ತೇನೆ. ಗಂಡ ಮಾತ್ರ ಒಪ್ಪುವುದಿಲ್ಲ.

"ನಾಳೆ ಹೋಗಿ ಗಲಾಟೆ ಮಾಡುವ. ನಾನೂ ಬರ್ತೇನೆ" ಎಂದೆ ಅವತ್ತು ರಾತ್ರಿ.

"ಎಂತ ಹೇಳುದು? ನನಗೆ ಮಲಯಾಳ ಸರಿಯಾಗಿ ಬರುದಿಲ್ಲ, ಅದಕ್ಕೆ ಹೀಗಾಯ್ತು ಅಂತಲಾ? ಕನ್ನಡ ಬಾರದ ಟೀಚರ್ ಬೇಡ ಅಂತ ಹೇಳ್ಲಿಕ್ಕೆ ನಿಂತವ ನಾನು. ನಗುದಿಲ್ವಾ ಜನ?"

ಜನ ಹೇಗೂ ನಕ್ಕರು. ಅಂಗಡಿಗೆ ಪಂಪು ತಂದವರೂ, "ಎಂತ, ಇವತ್ತು ರಿಪೇರಿಯಾ, ರಾಜಿಯಾ?" ಎಂದು ತಮಾಷೆ ಮಾಡಿದರು. ಇವರೂ ಹಲ್ಲುಬಿಟ್ಟರು. ಶಾಲೆಯಲ್ಲಿ ಹುಡುಗರು ಮಗಳ ಕಿವಿಗೂ ಅದನ್ನೇ ಹಾಕಿದರು. ಅವಳು ಮನೆಗೆ ಬಂದು ಒಂದು ಮಾತೂ ಹೇಳಲಿಲ್ಲ, ಆಚೆಮನೆಯವಳ ಬಾಯಿಂದ ನನಗೆ ತಿಳಿದದ್ದು. ಆಮೇಲೆ ಶಾಲೆಯಲ್ಲಿ ಮೀಟಿಂಗ್ ಇದ್ದರೆ, "ಅಪ್ಪ ಬೇಡ, ನೀನು ಬಾ" ಎನ್ನತೊಡಗಿದಳು. ಅಪ್ಪನಿಗೆ ಕೇಳಿಸದ ಹಾಗೆ ಹೇಳುತ್ತಿದ್ದಳು, ಅವರಿಗೆ ಕೇಳಿಸುತ್ತಿತ್ತು.

ಸಂಜೆ ಕ್ಲಾಸು ಶುರುವಾಗಲಿಲ್ಲ. ನಿರ್ಣಯ ಹೋಯಿತೋ ಇಲ್ಲವೋ, ದೇವರೇ ಬಲ್ಲ. ಪುತ್ತೂರಿನ ಹುಡುಗ ಕಾದು ಕಾದು ಬೇರೆ ಕೆಲಸಕ್ಕೆ ಸೇರಿದ. ಆ ಟೀಚರನ್ನು ಕನ್ನಡ ಕಲಿಯಲಿಕ್ಕೆಂದು ಕೆಲವು ತಿಂಗಳು ಎಲ್ಲಿಗೋ ಕಳಿಸಿದರು, ಅಷ್ಟು ದಿನ ಕ್ಲಾಸಿಗೆ ಯಾರೂ ಇಲ್ಲ. ಅವಳು ನಾಲ್ಕು ಮಾತು ಕಲಿತು ಬಂದಳು. ಅಷ್ಟರಲ್ಲಿ ಊರಿನ ಕಡೆಗೆ ವರ್ಗ ಸಿಕ್ಕಿತು, ಹೋದಳು. ನಾನಾದರೂ ಹೋಗುತ್ತಿದ್ದೆ. ಮಗಳು ಹತ್ತನೆಯಲ್ಲಿದ್ದಾಗ ಮಲಯಾಳ ಡಿವಿಷನ್ನಿನ ಮಾಸ್ಟ್ರು ಪುರುಸೊತ್ತಾದಾಗ ಬಂದು ಬೋರ್ಡಿನ ಮೇಲೆ ಉತ್ತರ ಬರೆದು ಹೋಗುತ್ತಿದ್ದರು. ಇವಳು ಅದನ್ನು ಹಾಡಿನ ಹಾಗೆ ಬಾಯಿಪಾಠ ಮಾಡಿದಳು. ಅಂಕೆ ಬದಲಾಯಿಸಿ ಕೇಳಿದರೆ ಸುಮ್ಮನೆ ನನ್ನನ್ನು ನೋಡುತ್ತಿದ್ದಳು. ಆ ವರ್ಷದ ಜನರಲ್ ಬಾಡಿಗೆ ನಮ್ಮ ಕಡೆಯಿಂದ ನಿಲ್ಲಲಿಕ್ಕೆ ಯಾರೂ ಹೋಗಲಿಲ್ಲ. ಕಂಟ್ರಾಕ್ಟರು ಅವಿರೋಧವಾಗಿ ಬಂದರು.

ಮಗಳು ಹತ್ತು ಪಾಸಾದಳು. ಎಲ್ಲರೂ ಪಾಸಾಗುತ್ತಾರೆ ಬಿಡಿ. ಉಳಿದ ವಿಷಯಗಳಲ್ಲೆಲ್ಲ ಒಳ್ಳೆಯ ಗ್ರೇಡು, ಗಣಿತದಲ್ಲಿ ಮಾತ್ರ ಕೊನೆಯದು. ಪ್ಲಸ್ ವನ್‌ಗೆ ಅರ್ಜಿ ಹಾಕಲು ಮೂವರೂ ಪೇಟೆಯ ಕಂಪ್ಯೂಟರ್ ಸೆಂಟರಿಗೆ ಹೋದೆವು. ಗಂಡ ಅಂಗಡಿಗೆ ಬೀಗ ಹಾಕಿ, ಮಡಿಚಿಟ್ಟ ಅಂಗಿ ಹಾಕಿಕೊಂಡು ಬಂದಿದ್ದರು.

"ಯಾವುದು ಹಾಕುದು? ಸಯನ್ಸಾ, ಕಾಮರ್ಸಾ?" ಎಂದು ಅಲ್ಲಿಯ ಹುಡುಗಿ ಕೇಳಿದಳು.

ಗಂಡ ನನ್ನನ್ನು ನೋಡಿದರು, ಮಗಳನ್ನು ನೋಡಿದರು. "ಸಯನ್ಸ್ ಹಾಕಿ. ಗಣಿತ ಇರುವ ಸಯನ್ಸ್. ನಮ್ಮ ಮಗಳಿಗೆ..."

"ಲೆಕ್ಕ ಇಲ್ಲದ್ದು ಯಾವುದುಂಟು ಅಕ್ಕ?" ಎಂದು ಮಗಳು ಹುಡುಗಿಯನ್ನು ಕೇಳಿದಳು. "ಅದು ಹಾಕಿ."

ಹುಡುಗಿ ನಮ್ಮಿಬ್ಬರನ್ನು ನೋಡಿದಳು. ಗಂಡ ಅರ್ಜಿಯ ದುಡ್ಡು ತೆಗೆದು ಮೇಜಿನ ಮೇಲಿಟ್ಟರು. ಅವಳು ಅದನ್ನೇ ಹಾಕಿದಳು.