ಕಲ್ಲು ಲಾರಿಯ ಮೈನಸ್ ತೂಕ

ಜಿಗಣಿಯಲ್ಲಿ ಕಲ್ಲು ಕೊಯ್ಯೋ ಫ್ಯಾಕ್ಟರಿ ಒಂದರ ಗೇಟಿನ ಪಕ್ಕ ನಂದೊಂದು ಟೀ ಗಾಡಿ. ಎದುರಿಗೇ ವೇಬ್ರಿಡ್ಜ್. ಲಾರಿ ಬಂದು ಆ ಕಬ್ಬಿಣದ ಹಾಸಿನ ಮೇಲೆ ನಿಂತ್ರೆ ಪಕ್ಕದ ರೂಮಿನ ಕಂಪ್ಯೂಟರಿನಲ್ಲಿ ತೂಕ ಬರ್ತದೆ. ಹೊರಗೆ ಕಂಬದ ಮೇಲಿನ ಬೋರ್ಡಿನಲ್ಲೂ ಕೆಂಪು ಅಂಕಿಯಲ್ಲಿ ಬರ್ತದೆ. ಹೊರಗಿನದು ಡ್ರೈವರುಗಳಿಗೆ. ತಮ್ಮ ಕಣ್ಣಲ್ಲಿ ನೋಡ್ದೆ ಅವ್ರು ಗಾಡಿ ಅಲ್ಲಾಡಿಸಲ್ಲ. ನಾನೂ ದಿನಾ ನೋಡ್ತೀನಿ. ಅಕ್ಷರ ನಂಗೆ ಕಷ್ಟ, ಕೂಡಿಸ್ಕೊಂಡು ಓದ್ಬೇಕು. ಅಂಕಿ ಎಷ್ಟು ಉದ್ದ ಇದ್ರೂ ಸಲೀಸು.

ಆ ಬೋರ್ಡು ಒಂದ್ಸಲ ಕೆಟ್ಟು, ಹೊಸದು ತಂದ್ರು. ಅದನ್ನ ಕೂರ್ಸೋಕೆ ಬಂದೋಳು ನಮ್ಮನೆ ಮೇಲಿನ ರೂಮಲ್ಲಿ ಬಾಡಿಗೆಗಿದ್ದ ಹುಡ್ಗಿ. ಕೊಪ್ಪಳದ ಕಡೆಯೋಳು. ಡಿಪ್ಲೊಮಾ ಓದಿ, ಇಂಥಾ ಬೋರ್ಡು ಮಾಡೋ ಸಣ್ಣ ಕಂಪ್ನಿಗೆ ಸೇರಿದ್ಲು. ಇನ್ನೂ ಟ್ರೇನಿಂಗು. ಈ ಬೋರ್ಡು ಸರಿಯಾಗಿ ನಿಲ್ಲಿಸಿದ್ರೆ ಕೆಲಸ ಪರ್ಮನೆಂಟು, ಇಲ್ದಿದ್ರೆ ಊರಿಗೆ ಬಸ್ಸು ಹತ್ತು ಅಂತ ಅವಳ ಸಾಹೇಬ ಹೇಳಿದ್ದನಂತೆ. ಮುಖ ನೋಡಿದ್ರೇ ತಿಳೀತಿತ್ತು, ಬೆಳಗ್ಗೆ ಏನೂ ತಿಂದಿರಲಿಲ್ಲ.

ಬೋರ್ಡು ಹಾಕಿದ್ದು ಭಾನುವಾರ. ಫ್ಯಾಕ್ಟರಿ ರಜೆ. ತೂಗೋಕೆ ಏನೂ ಸಿಗ್ದೆ ನನ್ನೇ ಹತ್ತಿಸಿದ್ಲು. ಆಮೇಲೆ ನೀರಿನ ಕ್ಯಾನಿನ ಆಟೋ, ಆಮೇಲೆ ಯಾವ್ದೋ ಖಾಲಿ ಲಾರಿ. ಎಲ್ಲಾ ಸರಿಯಾಗೇ ಬಂತು. ಮುಗೀತು ಅಂದ್ಕೊಂಡ್ವಿ.

ಸೋಮವಾರ ಬೆಳಗ್ಗೆ ಮೊದಲ್ನೇ ಕಲ್ಲು ಲಾರಿ ಬಂತು. ಮನೆಯಷ್ಟು ದೊಡ್ಡ ಕರೀ ಕಲ್ಲು, ಸರಪಳಿ ಬಿಗಿದಿತ್ತು. ಟೈರು ನೆಲಕ್ಕೆ ಚಪ್ಪಟೆ. ಬೋರ್ಡಿನಲ್ಲಿ ಬಂದದ್ದು ಮೈನಸ್ ಇಪ್ಪತ್ತೇಳು ಸಾವಿರದ ಐನೂರ ಮೂವತ್ತಾರು. ಅಂಕಿಯ ಮುಂದೆ ಅಡ್ಡಗೆರೆ ಕೆಂಪಗೆ ಉರೀತಾ ಇದೆ. ಒಳಗೆ ಕಂಪ್ಯೂಟರಿನಲ್ಲಿ ಮೂವತ್ತೆಂಟು ಸಾವಿರ ಅಂತ ಸರಿಯಾಗೇ ಇದೆಯಂತೆ.

ಡ್ರೈವರ್ ಕಿಟಕಿಯಿಂದ ತಲೆ ಹಾಕಿ, "ಅಜ್ಜೀ, ಕಲ್ಲಲ್ಲ ಕಣಜ್ಜಿ, ಗಾಳಿ ತುಂಬ್ಕೊಂಡು ಬಂದಿದೀನಿ. ಬಿಟ್ರೆ ಹಾರೋಗ್ತದೆ" ಅಂದ. ಹಿಂದೆ ನಿಂತಿದ್ದ ಲಾರಿಗಳೋರೆಲ್ಲ ಇಳಿದು ಬಂದು ನಕ್ಕಿದ್ದೇ ನಕ್ಕಿದ್ದು. ನಾನೂ ನಕ್ಕೆ, ಸುಳ್ಳು ಯಾಕೆ. ಮ್ಯಾನೇಜರ್ ಮಾತ್ರ ನಗಲಿಲ್ಲ. ಊಟದ ಹೊತ್ತಿಗೆ ಸರಿಹೋಗ್ದಿದ್ರೆ ಬೋರ್ಡು ಬಿಚ್ಕೊಂಡು ಹೊರಡು, ನಿಮ್ಮ ಸಾಹೇಬಂಗೆ ನಾನೇ ಫೋನ್ ಮಾಡ್ತೀನಿ ಅಂತ ಹೇಳಿ ಒಳಗೆ ಹೋದ.

ಹುಡ್ಗಿ ಲ್ಯಾಪ್‌ಟಾಪ್ ಬಿಚ್ಕೊಂಡು ಕಂಪ್ಯೂಟರ್ ರೂಮಲ್ಲಿ ಕೂತ್ಲು. ಏನೇ ಆಗಿರೋದು ಅಂತ ಕೇಳ್ದೆ. ಹೇಳ್ದೆ ಬಿಟ್ಟಾಳು ಅಂದ್ಕೊಂಡೆ. ಹೇಳಿದ್ಲು. ವೈರಿನಲ್ಲಿ ಅಂಕಿ ಇಡಿಯಾಗಿ ಹೋಗಲ್ವಂತೆ. ತುಂಡು ತುಂಡು ಮಾಡಿ ಒಂದರ ಹಿಂದೆ ಒಂದು ಬಿಡ್ಬೇಕು, ಆ ಕಡೆ ಬೋರ್ಡು ಕೂಡಿಸ್ಕೋಬೇಕು. ಇವಳು ಎರಡು ತುಂಡು ಸಾಕು ಅಂತ ಮಾಡಿದ್ಲು. ಆ ಎರಡರಲ್ಲಿ ತಲೆಯ ಒಂದು ಜಾಗ ಮೈನಸ್ಸಾ ಅಲ್ವಾ ಅಂತ ಹೇಳೋಕೆ ಇಟ್ಟಿರೋದು. ಅಂಕಿ ದೊಡ್ಡದಾದ್ರೆ ಆ ಜಾಗಕ್ಕೂ ನುಗ್ಗ್ತದೆ, ಬೋರ್ಡು ಅದನ್ನ ಮೈನಸ್ಸು ಅಂದ್ಕೊಳ್ತದೆ. ಸಣ್ಣ ಪಾತ್ರೆಗೆ ಜಾಸ್ತಿ ಹಾಲು ಹಾಕಿ ಕಾಯಿಸಿದಂಗೆ, ಉಕ್ಕಿ ಒಲೆ ಪಾಲು. ಖಾಲಿ ಲಾರಿ ತೂಕ ಸಣ್ಣದು, ಅದಕ್ಕೇ ಭಾನುವಾರ ತಿಳೀಲೇ ಇಲ್ಲ.

ಈಗ ನಾಲ್ಕು ತುಂಡು ಮಾಡ್ತೀನಿ ಅಂದ್ಲು. ಪ್ರೋಗ್ರಾಮಿನಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ಆಬ್ಜೆಕ್ಟ್ ಅಂತ, ಆಳು ಇಟ್ಟಂಗೆ, ಮಾಡಿಟ್ಟಿರ್ತಾರಂತೆ. ಒಂದು ತೂಕ ಹಿಡ್ಕೊಂಡಿರೋದು, ಇನ್ನೊಂದು ತುಂಡು ಮಾಡಿ ವೈರಿಗೆ ಬಿಡೋದು. ಒಬ್ಬರ ಹೊಟ್ಟೆಯೊಳಗೆ ಇನ್ನೊಬ್ಬರು ಇಣುಕಂಗಿಲ್ಲ. ಅದಕ್ಕೇ ತುಂಡು ಮಾಡೋನ್ನ ಒಬ್ಬನ್ನ ಬದಲಾಯಿಸಿದ್ರೆ ಸಾಕು, ಉಳಿದೋರ ತಂಟೆಗೆ ಹೋಗ್ಬೇಕಾಗಿಲ್ಲ. ನಂಗೆ ಇದು ಬಾಳ ಹಿಡಿಸ್ತು. ನಮ್ಮ ಮನೆಯಲ್ಲಿ ಸೊಸೇರು ಹಿಂಗಿದ್ದಿದ್ರೆ ನಾನು ಗಾಡಿ ಹಾಕೋ ಪ್ರಮೇಯವೇ ಇರ್ತಿರಲಿಲ್ಲ.

ರೂಮಿನೊಳಗಿಂದ ಅವಳಿಗೆ ಬೋರ್ಡು ಕಾಣ್ಸಲ್ಲ. ನಾನು ಹೊರಗೆ ನಿಂತು ಕೂಗೋದು ಅಂತ ಮಾತಾಯ್ತು. ಕಲ್ಲು ಲಾರಿ ಇನ್ನೂ ಹಾಸಿನ ಮೇಲೇ ಇತ್ತು. ಅವಳು ಏನೋ ಒತ್ತಿದ್ಲು. ಬೋರ್ಡಿನಲ್ಲಿ ಸೊನ್ನೆ ಬಂತು. ಸೊನ್ನೆ ಅಂತ ಕೂಗ್ದೆ. ಕೂಗೋದ್ರೊಳಗೆ ಅದೇ ಮೈನಸ್ಸು. ಮೈನಸ್ಸು ಅಂತ ಕೂಗೋವಷ್ಟ್ರಲ್ಲಿ ಮತ್ತೆ ಸೊನ್ನೆ. ಡ್ರೈವರುಗಳೂ ಸೇರ್ಕೊಂಡು ಸೊನ್ನೆ, ಮೈನಸ್ಸು, ಸೊನ್ನೆ ಅಂತ ಕಬಡ್ಡಿ ಆಡೋರಂಗೆ ಕೂಗೋಕೆ ಶುರು ಮಾಡಿದ್ರು.

ಹುಡ್ಗಿ ಓಡಿ ಬಂದು ನೋಡಿದ್ಲು. ನೋಡಿ ತಲೆ ಚಚ್ಕೊಂಡ್ಲು. "ಅಜ್ಜೀ, ಕಳಿಸೋನ್ನ ಅಷ್ಟ ಬದಲ್ ಮಾಡೀನಿ. ಬೋರ್ಡಿನ್ಯಾಗ ಕೂತು ಓದಾಂವ ಇನ್ನೂ ಎರಡೆರಡೇ ಓದಾಕ ಹತ್ಯಾನ."

ಅಂದ್ರೆ ನಾಲ್ಕು ತುಂಡು ಹೋದ್ರೆ, ಅವನು ಮೊದಲ ಎರಡನ್ನ ಒಂದು ತೂಕ, ಮಿಕ್ಕ ಎರಡನ್ನ ಇನ್ನೊಂದು ತೂಕ ಅಂದ್ಕೊಳ್ತಾ ಇದ್ದ. ಅವನನ್ನ ತಿದ್ಬೇಕು ಅಂದ್ರೆ ಬೋರ್ಡಿಗೇ ಕೇಬಲ್ ಚುಚ್ಬೇಕು. ಬೋರ್ಡು ಕಂಬದ ಮೇಲೆ. ಕೇಬಲ್ಲು ನನ್ನ ಮೊಳಕೈಯಷ್ಟು.

ಏಣಿ ತಂದ್ವಿ. ಹುಡ್ಗಿ ಚೂಡಿದಾರದ ವೇಲ್ ಸೊಂಟಕ್ಕೆ ಕಟ್ಟಿ ಹತ್ತಿದ್ಲು. ಏಣಿ ನಾನು ಹಿಡ್ಕೊಂಡೆ. ಲ್ಯಾಪ್‌ಟಾಪ್ ಇಡೋಕೆ ಜಾಗ ಇಲ್ಲ. ಆ ಗಾಳಿ ಮಾತಾಡಿದ ಡ್ರೈವರೇ ಲಾರಿ ಕ್ಯಾಬಿನ್ ಮೇಲೆ ಹತ್ತಿ ನಿಂತು, ಎರಡು ಕೈಯಲ್ಲಿ ತಟ್ಟೆಯಂಗೆ ಹಿಡಿದ. ಅವಳು ಒಂದು ಕೈಯಲ್ಲಿ ಕಂಬ ಹಿಡ್ಕೊಂಡು ಇನ್ನೊಂದು ಕೈಯಲ್ಲಿ ಕುಟ್ತಾ ಇದ್ಲು. ಕೈ ಬಿಟ್ರೆ ಕೆಲಸವೂ ಇಲ್ಲ, ಸೊಂಟವೂ ಇಲ್ಲ ಅಂತ ಕೆಳಗಿಂದ ಬೈದೆ. "ಸುಮ್ನಿರ್ರಿ ಅಜ್ಜಿ, ತುಂಡು ಎಣಿಸಾಕ ಬಿಡ್ರಿ" ಅಂದ್ಲು. ಮ್ಯಾನೇಜರ್ ಟಿಫನ್ ಬಾಕ್ಸ್ ಕೈಲಿ ಹಿಡ್ಕೊಂಡು ಬಾಗಿಲಿಗೆ ಬಂದು ನಿಂತಿದ್ದ.

ಬೋರ್ಡು ಆರಿಹೋಯ್ತು. ನಾನು ಏಣಿ ಇನ್ನೂ ಬಿಗಿಯಾಗಿ ಹಿಡ್ಕೊಂಡೆ. ಆಮೇಲೆ ಸೊನ್ನೆಗಳು ಓಡಿದ್ವು, ನಿಂತ್ವು. ಮೂವತ್ತೆಂಟು ಸಾವಿರ. ಅಡ್ಡಗೆರೆ ಇಲ್ಲ. ಅವಳಿಗೆ ಅಷ್ಟು ಹತ್ರದಿಂದ ಬರೀ ಕೆಂಪು ದೀಪ ಕಾಣ್ತಿತ್ತಂತೆ, ಏನ್ ಬಂತು ಏನ್ ಬಂತು ಅಂತ ಕೇಳ್ತಾನೇ ಇದ್ಲು. ನಾನು ಒಂದೊಂದೇ ಅಂಕಿ ಬಿಡಿಸಿ ಓದಿ ಹೇಳ್ದೆ. ಮೂರು, ಎಂಟು, ಸೊನ್ನೆ, ಸೊನ್ನೆ, ಸೊನ್ನೆ. ಮಿನುಗ್ತಾ ಇದೆಯಾ ಅಂದ್ಲು. ಇಲ್ಲ ಕಣೇ, ಕಲ್ಲಿನಂಗೆ ಕೂತಿದೆ ಅಂದೆ.

ಡ್ರೈವರುಗಳು ಹಾರನ್ ಹೊಡೆದ್ರು. ಮ್ಯಾನೇಜರ್ ಅಲ್ಲೇ ನಿಂತು ಅವಳ ಸಾಹೇಬಂಗೆ ಫೋನ್ ಮಾಡಿ, ಹಿಂದಿನ ಗೇಟಿಗೂ ಒಂದು ಬೋರ್ಡು ಬೇಕು, ಇದೇ ಹುಡ್ಗೀನ ಕಳ್ಸಿ ಅಂದ. ಹೊಗಳೋ ಮಾತು ಒಂದೂ ಇಲ್ಲ. ಬೇಕೂ ಇರಲಿಲ್ಲ.

ಅವಳು ಇಳಿದು ಬಂದು ನನ್ನ ಗಾಡಿ ಹಿಂದೆ ಕೂತು ಊರಿಗೆ ಫೋನ್ ಹಚ್ಚಿದ್ಲು. "ಅವ್ವಾ, ನೌಕರಿ ಪಕ್ಕಾ ಆತು" ಅಂದೋಳೇ ಫೋನ್ ನನ್ನ ಕೈಗೆ ಕೊಟ್ಲು. ನಾನು ಆ ಹೆಂಗಸನ್ನ ಕಂಡೋಳಲ್ಲ. ಆದ್ರೂ ಬೋರ್ಡು, ತುಂಡು, ಏಣಿ ಎಲ್ಲಾ ಮೊದಲಿಂದ ಹೇಳ್ತಾ ನಿಂತೆ. ಒಲೆ ಮೇಲೆ ಟೀ ಸೀದುಹೋಯ್ತು, ಹೋಗ್ಲಿ ಅಂದೆ.