ಸಾಹೇಬರು ಬಿಟ್ಟುಕೊಟ್ಟ ವಿಮಾನ

ಕಳೆದ ವಾರ ತಂಗಿಯನ್ನು ಕರೆದುಕೊಂಡು ಬರಲು ವಿಮಾನ ನಿಲ್ದಾಣಕ್ಕೆ ಹೋಗಿದ್ದೆ. ಗಾಳಿಯಲ್ಲಿ ವಿಮಾನದ ಎಣ್ಣೆಯ ವಾಸನೆ ತೇಲಿ ಬಂತು. ನಿಮಗಾದರೆ ತಲೆನೋವು ಬರುತ್ತಿತ್ತು, ನನಗೆ ಯೌವನ ಬಂತು. ಏಕೆಂದರೆ ನಾನೂ ಒಂದು ಕಾಲದಲ್ಲಿ ವಿಮಾನ ಕಂಪೆನಿಯ ಮ್ಯಾನೇಜರ್!

ಕಂಪೆನಿ ಅಂದರೆ ಎಂತ? ಒಂಬತ್ತು ಸೀಟಿನ ಒಂದೇ ಒಂದು ವಿಮಾನ, ಕಂಕನಾಡಿಯ ಬೇಕರಿಯ ಮೇಲೊಂದು ಕೋಣೆ. ಗಲ್ಫಿನಿಂದ ಮರಳಿದ ನಮ್ಮ ಧಣಿಗಳಿಗೆ ಬಸ್ಸು ಓಡಿಸುವುದು ಸಣ್ಣ ಕೆಲಸವೆನಿಸಿ, ವಿಮಾನವನ್ನೇ ಬಾಡಿಗೆಗೆ ಬಿಟ್ಟಿದ್ದರು. ಆಗ ನಿಲ್ದಾಣವಿದ್ದದ್ದು ಬಜಪೆಯ ಹಳೇ ಕಟ್ಟಡದಲ್ಲಿ. ಅದನ್ನು ಬಸ್‌ಸ್ಟ್ಯಾಂಡ್ ಎಂದರೆ ಬಸ್‌ಸ್ಟ್ಯಾಂಡಿಗೆ ಬೇಸರವಾದೀತು. ಕತ್ತಲಾದ ಮೇಲೆ ಅಲ್ಲಿಂದ ವಿಮಾನ ಏರುವಂತಿರಲಿಲ್ಲ. ಮಳೆಗಾಲದಲ್ಲಂತೂ ಗುಡ್ಡದ ಮೇಲಿನ ಆ ರನ್‌ವೇಗೆ ಮೋಡಗಳದ್ದೇ ಯಜಮಾನಿಕೆ.

ಜಡಿಮಳೆಯ ಆಟಿ ತಿಂಗಳ ಒಂದು ಮಧ್ಯಾಹ್ನ, ಒಬ್ಬ ರಾಜಕೀಯ ಸಾಹೇಬರು ಬೆಂಗಳೂರಿಗೆ ಹೋಗಲು ನಮ್ಮ ವಿಮಾನ ಗೊತ್ತುಮಾಡಿದ್ದರು. ಹೊರಡುವುದು ಮೂರು ಗಂಟೆಗೆ. ಎರಡಕ್ಕೆ ಆಸ್ಪತ್ರೆಯಿಂದ ನರ್ಸ್ ಲಿಲ್ಲಿಬಾಯಿ ಫೋನ್ ಮಾಡಿದರು. ಮೂರು ದಿನದ ಹೆಣ್ಣು ಮಗು, ತುಟಿ ನೀಲಿಯಾಗಿದೆ, ಬೆಂಗಳೂರಿನಲ್ಲಿ ಹೃದಯದ ಆಪರೇಷನ್ ಆಗಬೇಕು, ಘಾಟಿಯಲ್ಲಿ ಗುಡ್ಡ ಜರಿದು ರಸ್ತೆ ಬಂದ್.

"ಸಾಹೇಬರ ಜೊತೆಗೇ ಕರ್ಕೊಂಡು ಹೋಗುವ. ಅವರು ಬರ್ಲಿ, ಕೇಳುವ" ಎಂದರು ಧಣಿಗಳು.

ನಿಲ್ದಾಣಕ್ಕೆ ಮಗು ಬಂತು, ತಾಯಿ ಬಂದಳು, ಲಿಲ್ಲಿಬಾಯಿ ಬಂದರು. ಮೂರೂವರೆಯಾಯಿತು. ಸಾಹೇಬರು ಪುರಭವನದಲ್ಲಿ ಸನ್ಮಾನ ಸ್ವೀಕರಿಸುತ್ತಿದ್ದರು. ಅಲ್ಲಿಗೆ ಫೋನ್ ಮಾಡಿದೆ. "ಇನ್ನೂ ಹನ್ನೆರಡು ಹಾರ ಬಾಕಿ ಉಂಟು" ಎಂಬ ಉತ್ತರ ಬಂತು. ನಾಡಿನ ಸೇವೆ ಎಂದರೆ ಸುಲಭವೇ? ಕುತ್ತಿಗೆ ಗಟ್ಟಿಯಿರಬೇಕು.

ನಮ್ಮ ಪೈಲಟ್ ಕ್ಯಾಪ್ಟನ್ ವಲೇರಿಯನ್ ಮಾತು ಕಡಿಮೆಯ ಮನುಷ್ಯ. ಪಡುವಣದಲ್ಲಿ ಕಪ್ಪಾಗುತ್ತಿದ್ದ ಆಕಾಶ ನೋಡಿದರು, ಮಗುವನ್ನು ನೋಡಿದರು.

"ಇನ್ನು ಹತ್ತು ನಿಮಿಷ ಬಿಟ್ರೆ ಇವತ್ತು ಏರ್ಲಿಕ್ಕೆ ಆಗುದಿಲ್ಲ. ನಾನು ಹೋಗ್ತೇನೆ."

"ಕ್ಯಾಪ್ಟನ್, ಧಣಿಗಳು ಎಂತ ಹೇಳ್ತಾರೋ?" ಎಂದೆ ನಾನು, ಮ್ಯಾನೇಜರ್.

"ನೀವು ಕೇಳಿ ಇಡಿ ಮಾರಾಯ್ರೆ. ನಾನು ಬಂದ ಮೇಲೆ ಹೇಳಿ."

ಹೋದರು. ಮಗುವಿನ ಜೀವ ಉಳಿಯಿತು.

ಸಾಹೇಬರು ಐದಕ್ಕೆ ಬಂದರು, ಮಳೆಯೊಡನೆ ಪೈಪೋಟಿಗೆ ಬಿದ್ದವರಂತೆ ಗುಡುಗಿದರು. ಆದರೆ ಮರುದಿನ ಬೆಳಿಗ್ಗೆ, ಮಗು ಬದುಕಿದ ಸುದ್ದಿ ಊರೆಲ್ಲ ಹಬ್ಬುತ್ತಲೇ ಅವರ ಮನಸ್ಸು ಬೆಣ್ಣೆಯಾಯಿತು. ಪತ್ರಿಕೆಗಳಿಗೆ ಒಂದು ಹೇಳಿಕೆ ಹೋಯಿತು: ಕಂದಮ್ಮನಿಗಾಗಿ ತಮ್ಮ ವಿಮಾನವನ್ನೇ ಬಿಟ್ಟುಕೊಟ್ಟ ತ್ಯಾಗಮೂರ್ತಿ! ಧಣಿಗಳು ಹದಿಮೂರನೆಯ ಹಾರ ಹಾಕಿದರು. ಹೇಳದೆ ಕೇಳದೆ ವಿಮಾನ ಒಯ್ದದ್ದಕ್ಕೆ ಕ್ಯಾಪ್ಟನ್ನರನ್ನು ಅದೇ ವಾರ ಕೆಲಸದಿಂದ ತೆಗೆದರು. ತ್ಯಾಗ ಸಾಹೇಬರದ್ದು, ತಪ್ಪು ಪೈಲಟರದ್ದು. ಎಷ್ಟು ಚೊಕ್ಕ ವಿಂಗಡಣೆ ನೋಡಿ.

ಈ ಕಥೆಯನ್ನು ಮದುವೆ ಮನೆಗಳಲ್ಲಿ, ಬಸ್ಸುಗಳಲ್ಲಿ ನೂರು ಸಲ ಹೇಳಿ ನಗಿಸಿದ್ದೇನೆ. ಮೊನ್ನೆಯೂ ತಂಗಿಯ ವಿಮಾನ ತಡವಾದ್ದರಿಂದ, ಜೊತೆಗೆ ಬಂದಿದ್ದ ಅಳಿಯನಿಗೆ ಹೇಳಿದೆ. ಅವನು ನಗಲಿಲ್ಲ.

"ಮಾಮ, ಆ ಹೇಳಿಕೆ ಬರೆದದ್ದು ಯಾರು?"

ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಿರಲಿಲ್ಲ. ನಮ್ಮ ಆಫೀಸಿನಲ್ಲಿ ಒಳ್ಳೆ ಕನ್ನಡ ಬರೆಯುವವನು ಒಬ್ಬನೇ ಇದ್ದ. 'ತ್ಯಾಗಮೂರ್ತಿ' ಎಂಬ ಪದ ಹೊಳೆದಾಗ ಅವನಿಗೆ ಖುಷಿಯೂ ಆಗಿತ್ತು.

"ನಾನೇ" ಎಂದೆ.

"ಕ್ಯಾಪ್ಟನ್ ಎಂತ ಹೇಳಿದ್ರು?"

"ಪತ್ರಿಕೆ ಓದಿದ್ರು. 'ಕನ್ನಡ ಚಂದ ಉಂಟು' ಅಂತ ಹೇಳಿ, ಬ್ಯಾಗ್ ತಗೊಂಡು ಹೋದ್ರು."

ಅಷ್ಟರಲ್ಲಿ ತಂಗಿ ಸಾಮಾನಿನ ಗಾಡಿ ತಳ್ಳಿಕೊಂಡು ಹೊರಬಂದಳು. ಶಕ್ತಿನಗರದ ಮನೆ ಮುಟ್ಟುವವರೆಗೂ ಅವಳು ಮಾತಾಡುತ್ತಲೇ ಇದ್ದಳು. ಕಾರು ಓಡಿಸುತ್ತಿದ್ದ ಅಳಿಯ ಕನ್ನಡಿಯಲ್ಲಿ ಒಮ್ಮೆ ನನ್ನನ್ನು ನೋಡಿದ. ನಾನು ಕಿಟಕಿಯ ಕಡೆ ತಿರುಗಿಕೊಂಡೆ.