ನಾನು ಪಾಸು ಮಾಡಿದ ಗ್ರೀನ್ ಟೀ

ಹೈದರಾಬಾದಿನಲ್ಲಿ ನಾನು ಕೆಲಸ ಮಾಡುವ ಆಹಾರ ಪರೀಕ್ಷೆಯ ಲ್ಯಾಬಿನಲ್ಲಿ ನಮಗೆಲ್ಲ ಒಂದು ಕೆಟ್ಟ ಚಾಳಿಯಿತ್ತು. ಕಂಪನಿಗಳು ಕಳಿಸುವ ಪ್ಯಾಕೆಟ್‌ಗಳಲ್ಲಿ ಒಂದನ್ನು ಒಡೆದು ಪರೀಕ್ಷಿಸಿ, ಉಳಿದವನ್ನು ಸಾಕ್ಷಿಗೆಂದು ಎತ್ತಿಡುತ್ತಿದ್ದೆವು. ಆಮೇಲೆ ಅವನ್ನು ನಾಶ ಮಾಡಬೇಕು. ಯಾರೂ ಮಾಡುತ್ತಿರಲಿಲ್ಲ. ಪಾಸಾಗಿದ್ದರೆ ಮನೆಗೆ ಒಯ್ಯುತ್ತಿದ್ದೆವು.

ಕುಷಾಯಿಗೂಡದ ನಮ್ಮ ಮನೆಗೆ ಎರಡು ಪ್ಯಾಕೆಟ್ ಗ್ರೀನ್ ಟೀ ಬಂದದ್ದು ಹಾಗೆ. ಅವ್ವನ ಸಕ್ಕರೆ ಕಾಯಿಲೆಗೆ ಹೆದರಿ ಅವಳ ಹಾಲಿನ ಚಹಾ ಬಿಡಿಸಿದವಳು ನಾನೇ. ಬೇಗಂ ಬಜಾರಿನಲ್ಲಿ ಬಿಡಿಯಾಗಿ ಮಾರುವ ಎಲೆಯನ್ನು ಮೂಸಿ ನೋಡಿ, ದೊಡ್ಡ ತಜ್ಞಳ ಹಾಗೆ ಬೇಡವೆಂದಿದ್ದೆ. ಮೊದಲ ಗುಟುಕಿಗೇ ಅವ್ವ ಮುಖ ಕಿವುಚಿದಳು.

"ಇದೇನ ಬೇವಿನ ಕಷಾಯ ಆಗೇತಲ್ಲ!"

"ನಾನ ಟೆಸ್ಟ್ ಮಾಡೀನಿ, ಕಣ್ಮುಚ್ಚಿ ಕುಡಿ," ಎಂದೆ. ಆ ಜಂಬ ನೆನೆದರೆ ಈಗಲೂ ಮೈ ಉರಿಯುತ್ತದೆ.

ನಾನು ಮಾಡಿದ್ದ ಟೆಸ್ಟ್ ಯಾವುದು? ತೇವಾಂಶ, ಬೂದಿ, ನಾರು, ನೀರಿಗೆ ಬಿಡುವ ಸಾರ. ಕಂಪನಿ ಕೇಳಿದ್ದು ಅಷ್ಟೇ, ಕೇಳದ್ದನ್ನು ನೋಡುವ ಪದ್ಧತಿ ನಮ್ಮಲ್ಲಿಲ್ಲ. ಪಾಸ್ ಎಂದರೆ ಆ ನಾಲ್ಕರಲ್ಲಿ ಪಾಸ್. ದಿನಾ ಇದಕ್ಕೆ ಸಹಿ ಹಾಕುವ ನಾನು, ಮನೆಯ ಹೊಸ್ತಿಲು ದಾಟುವಷ್ಟರಲ್ಲಿ ಮರೆತುಬಿಟ್ಟಿದ್ದೆ.

ಎರಡು ತಿಂಗಳಾದ ಮೇಲೆ ಅದೇ ಟೀ ಮತ್ತೆ ಲ್ಯಾಬಿಗೆ ಬಂತು. ಹೊರದೇಶದ ಖರೀದಿದಾರರು ಈ ಸಲ ಕೀಟನಾಶಕದ ಪರೀಕ್ಷೆ ಕೇಳಿದ್ದರಂತೆ. ಎರಡು ಕೀಟನಾಶಕಗಳು ಮಿತಿ ಮೀರಿದ್ದವು. ಯಂತ್ರವನ್ನೇ ಅನುಮಾನಿಸಿ ಮತ್ತೊಮ್ಮೆ ಮಾಡಿದೆ. ಅದೇ ಉತ್ತರ. ಸಂಜೆ ಚಪ್ಪಲಿಯನ್ನೂ ಬಿಡದೆ ಅಡುಗೆಮನೆಗೆ ನುಗ್ಗಿ ನಮ್ಮ ಪ್ಯಾಕೆಟ್ಟಿನ ತಳ ನೋಡಿದೆ. ಬ್ಯಾಚ್ ನಂಬರ್ ಕೂಡ ಅದೇ.

ಮಿತಿ ಮೀರಿತೆಂದರೆ ಕುಡಿದವರು ಬಿದ್ದು ಸಾಯುತ್ತಾರೆಂದಲ್ಲ. ಏನೂ ಆಗುವುದಿಲ್ಲವೆಂದೂ ಅಲ್ಲ. ಇಷ್ಟು ಓದಿಯೂ ನನ್ನ ಅವ್ವನಿಗೆ ಏನಾದೀತೆಂದು ನನಗೆ ಗೊತ್ತಿಲ್ಲ, ಅದೇ ಸಂಕಟ.

ಇದು ಬೇಡವೆಂದು ಹೇಳಿ ಉಳಿದದ್ದನ್ನು ಕಸದ ಡಬ್ಬಿಗೆ ಸುರಿದೆ.

"ಹುಚ್ಚೀ, ನೀನ ಅಲ್ಲ ಛಲೋ ಐತಿ ಅಂದಾಕಿ?" ಎಂದಳು ಅವ್ವ. "ಬಾಜೂ ಮನಿ ಬಾಣಂತಿಗೂ ಒಂದು ಪ್ಯಾಕೆಟ್ ಕೊಟ್ಟೀನಿ. ಹೊಟ್ಟಿ ಇಳೀತೈತಿ, ನನ್ನ ಮಗಳು ಟೆಸ್ಟ್ ಮಾಡ್ಯಾಳ ಅಂತ ಹೇಳೀನಿ."

ಹಾಗೆಯೇ ಪಕ್ಕದ ಮನೆಗೆ ಹೋದೆ. ಆ ಬೀದರಿನ ಹುಡುಗಿ ನೆಲದ ಮೇಲೆ ಕೂತು ಕೂಸಿಗೆ ಮೊಲೆಯೂಡಿಸುತ್ತಿದ್ದಳು. ಅವ್ವ ಕೊಟ್ಟ ಟೀ ವಾಪಸ್ ಬೇಕಿತ್ತು ಎಂದೆ. ಯಾಕೆ ಎಂದು ಹೇಳಲು ಬಾಯಿ ಬರಲಿಲ್ಲ. ಕಂಪನಿಗಳ ವರದಿಯ ಬಗ್ಗೆ ಹೊರಗೆ ಬಾಯಿ ಬಿಡುವುದಿಲ್ಲವೆಂದು ಲ್ಯಾಬಿಗೆ ಬರೆದುಕೊಟ್ಟವಳು ನಾನು.

"ಅಯ್ಯ, ಅದು ಮುಗಿದು ಎಂಟು ದಿನ ಆತ್ರಿ ಅಕ್ಕಾ," ಎಂದು ನಕ್ಕಳು. "ನೀವ ಟೆಸ್ಟ್ ಮಾಡೀರಿ ಅಂತ ಧೈರ್ಯದಲೆ ದಿನಾ ಮೂರು ಸಲ ಕುಡಿದೀನಿ. ಇನ್ನೊಂದು ಇದ್ದರ ಕೊಡ್ರಿ."

ಇಲ್ಲ ಎಂದೆ. ಕೂಸು ಹಾಲು ಕುಡಿಯುತ್ತಲೇ ಇತ್ತು.